ಕೊಡಗಿನ ಕಾಡಲ್ಲಿ ದಾರಿ ತಪ್ಪಿ ಕತ್ತಲಾದರೆ: ಚಳಿಗಾಲದ ಒಂದು ರಾತ್ರಿ ಕಳೆಯುವ ಬಗೆ

ಸುಗ್ಗಿಹಬ್ಬ ಪುತ್ತರಿ ಕಳೆದು ಗದ್ದೆ ಕೊಯ್ಲು ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಮಳೆ ನಿಂತಿರುತ್ತದೆ, ಜಿಗಣೆ ಕಾಟ ಇಳಿದಿರುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ. ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿ, ಕೋಟೆಬೆಟ್ಟ ಹತ್ತಲು ಹೇಳಿ ಮಾಡಿಸಿದ ಕಾಲ. ಆದರೆ ಹಗಲು ಗಿಡ್ಡ. ಡಿಸೆಂಬರ್ ಕೊನೆಯಲ್ಲಿ ಮಡಿಕೇರಿ ಸುತ್ತ ಸೂರ್ಯ ಮುಳುಗುವುದು ಸಂಜೆ 6.10ರ ಆಸುಪಾಸು, ಹುಟ್ಟುವುದು ಬೆಳಗ್ಗೆ 6.45ರ ಹತ್ತಿರ. ಹುಲ್ಲುಗುಡ್ಡಗಳ ಮಡಿಲಲ್ಲಿ ದಟ್ಟವಾಗಿ ಬೆಳೆದ ಶೋಲಾ ಕಾಡಿನೊಳಗಂತೂ ಐದೂವರೆಗೇ ಕಾಲಡಿಯ ಬೇರು ಕಾಣದು. ದಾರಿ ತಪ್ಪಿದವರ ಎದುರಿಗಿರುವುದು ಹದಿಮೂರು ಗಂಟೆ ಹತ್ತಿರದ ಕತ್ತಲು.

ಕಾಡಿನಲ್ಲಿ ಬದುಕುಳಿಯುವ ಬಗ್ಗೆ ಮೊಬೈಲಿನಲ್ಲಿ ಸಿಗುವ ಪಾಠಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳವು. ಮೊದಲು ಬೆಂಕಿ ಹಾಕು, ಹೊಳೆ ಹಿಡಿದು ಕೆಳಗಿಳಿ, ಕೊಂಬೆ ಕಡಿದು ಗುಡಿಸಲು ಕಟ್ಟು ಎನ್ನುತ್ತವೆ. ಮೂರೂ ಇಲ್ಲಿ ತಿರುಗುಬಾಣವಾಗಬಹುದು. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ದಿನಗಳಿವೆ. 1748 ಮೀಟರ್ ಎತ್ತರದ ತಡಿಯಂಡಮೋಳ್ ನೆತ್ತಿಯಲ್ಲಿ ಇನ್ನೂ ಮೂರ್ನಾಲ್ಕು ಡಿಗ್ರಿ ಕಡಿಮೆ ಇರಬಹುದು. ನೀರು ಹೆಪ್ಪುಗಟ್ಟದ ಈ ಚಳಿಯಲ್ಲಿ ಒಣಗಿದ ಬಟ್ಟೆ ತೊಟ್ಟ ಆರೋಗ್ಯವಂತ ಮನುಷ್ಯ ಒಂದು ರಾತ್ರಿ ಕಳೆಯಬಲ್ಲ. ಬೆವರು, ಇಬ್ಬನಿ ಅಥವಾ ತೋಡಿನ (ಸಣ್ಣ ಹಳ್ಳದ) ನೀರಿಗೆ ಬಟ್ಟೆ ಒದ್ದೆಯಾಗಿ, ಮೇಲೆ ಗಾಳಿ ಬೀಸಿ, ತಣ್ಣನೆಯ ನೆಲದ ಮೇಲೆ ಕೂತರೆ ಇದೇ 10 ಡಿಗ್ರಿ ಪ್ರಾಣಕ್ಕೆ ಬರುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಇಲ್ಲಿ ರಾತ್ರಿಯಿಡೀ ಮಾಡಬೇಕಾದ ಕೆಲಸ ಒಂದೇ: ಒಣಗಿರುವುದು, ಕದಲದೆ ಇರುವುದು.

ಐದು ಗಂಟೆಯ ನಿರ್ಧಾರ

ದಾರಿ ತಪ್ಪಿದೆ ಎಂದು ಮೊದಲು ಅನುಮಾನ ಬಂದಾಗಲೇ ನಿಂತುಬಿಡಿ. ಹತ್ತು ನಿಮಿಷ ಕೂತು ನೀರು ಕುಡಿಯಿರಿ. ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು, ಅಲ್ಲಿಂದ ಎಷ್ಟು ಹೊತ್ತು ನಡೆದಿರಿ ಎಂದು ಲೆಕ್ಕ ಹಾಕಿ. ಬಂದ ಹೆಜ್ಜೆಯಲ್ಲೇ ಹಿಂತಿರುಗಲು ಸಾಧ್ಯವಾದರೆ ಅದೇ ಒಳ್ಳೆಯ ದಾರಿ. ಅಡ್ಡದಾರಿ ಹುಡುಕಲು ಹೋಗಬೇಡಿ. ಗುಂಪಿದ್ದರೆ 'ನೀನು ಆ ಕಡೆ ನೋಡು, ನಾನು ಈ ಕಡೆ' ಎಂದು ಹಂಚಿಹೋಗುವುದು ಬೇಡವೇ ಬೇಡ. ಹುಡುಕಬೇಕಾದವರ ಸಂಖ್ಯೆ ಅದರಿಂದ ಹೆಚ್ಚುತ್ತದೆ ಅಷ್ಟೆ.

ಹುಲ್ಲುಗುಡ್ಡದಲ್ಲಿ ಜನರನ್ನು ಏಮಾರಿಸುವುದು ಕಾಟಿಗಳ (ಕಾಡುಕೋಣಗಳ) ದಾರಿ. ಮನುಷ್ಯರ ಕಾಲುದಾರಿಯಷ್ಟೇ ಸವೆದು ಸ್ಪಷ್ಟವಾಗಿರುತ್ತದೆ, ಶೋಲಾ ಅಂಚು ಸೇರಿದ ಮೇಲೆ ನಾಲ್ಕು ಕವಲಾಗಿ ಮಾಯವಾಗುತ್ತದೆ. ದಾರಿ ನೆಲಮಟ್ಟದಲ್ಲಿ ಸ್ಪಷ್ಟವಿದ್ದು ಎದೆಯೆತ್ತರದ ಕೊಂಬೆಗಳು ಮುಖಕ್ಕೆ ಬಡಿಯುತ್ತಿದ್ದರೆ, ಮತ್ತೆ ಮತ್ತೆ ಬಗ್ಗಿ ನುಸುಳಬೇಕಾದರೆ, ಅದು ಹಂದಿಯದೋ ಕಡವೆಯದೋ ದಾರಿ. ಜನ ಓಡಾಡುವ ದಾರಿಯಲ್ಲಿ ಕತ್ತಿಯಿಂದ ಕಡಿದ ಕೊಂಬೆಯ ಬುಡ ಸಿಗುತ್ತದೆ. ಬೇಸರದ ಮಾತಾದರೂ ನಿಜ, ಬಿಸ್ಕತ್ತಿನ ಪ್ಲಾಸ್ಟಿಕ್ಕೂ ಸಿಗುತ್ತದೆ.

ಸಂಜೆ ಐದಕ್ಕೂ ಗುರುತಿನ ದಾರಿ ಸಿಗದಿದ್ದರೆ ನಡಿಗೆ ನಿಲ್ಲಿಸಿ, ಉಳಿದ ಒಂದು ಗಂಟೆಯ ಬೆಳಕನ್ನು ರಾತ್ರಿಯ ತಯಾರಿಗೆ ಇಡಿ. ಈ ನಿರ್ಧಾರ ಮನಸ್ಸಿಗೆ ಕಷ್ಟ. 'ಇನ್ನೊಂದು ತಿರುವು ನೋಡೋಣ' ಅನ್ನಿಸುತ್ತದೆ. ಕತ್ತಲಲ್ಲಿ ನಡೆದವರು ಕಾಲು ಉಳುಕಿಸಿಕೊಳ್ಳುತ್ತಾರೆ, ಬೆವರಿ ಒದ್ದೆಯಾಗುತ್ತಾರೆ, ಆನೆಗೆ ಎದುರಾಗುತ್ತಾರೆ. ಚಳಿಗಿಂತ ದೊಡ್ಡ ಅಪಾಯ ಈ ನಡಿಗೆಯದೇ.

ಹೊಳೆ ಹಿಡಿದು ಇಳಿಯಬಹುದೇ?

ನೀರು ಯಾವ ಕಡೆಗೆ ಹರಿಯುತ್ತಿದೆ ಎನ್ನುವುದರ ಮೇಲಿದೆ. ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಇಳಿಯುವ ತೋಡುಗಳು ಕಾವೇರಿ, ಲಕ್ಷ್ಮಣತೀರ್ಥ, ಹಾರಂಗಿಗಳಿಗೆ ಸೇರುವಂಥವು. ಹೆಚ್ಚಿನವು ಏಲಕ್ಕಿ ಮಲೆ, ಕಾಫಿ ತೋಟ, ಗದ್ದೆ ಬಯಲಿಗೆ ಮುಟ್ಟಿಸುತ್ತವೆ. ಪಶ್ಚಿಮಕ್ಕೆ ಇಳಿಯುವವು ಬಾರಾಪೊಳೆ, ಪಯಸ್ವಿನಿ, ಕುಮಾರಧಾರೆಯ ಕಡೆಯವು. ಅಲ್ಲಿ ಘಟ್ಟ ಕಡಿದಿಟ್ಟ ಹಾಗೆ ಬೀಳುತ್ತದೆ, ತೋಡು ಎಲ್ಲಿ ಬೇಕಾದರೂ ಜಲಪಾತವಾಗುತ್ತದೆ. ಪಾಚಿಬಂಡೆಯ ಮೇಲೆ ಒಮ್ಮೆ ಜಾರಿ ಇಳಿದ ಕಡೆ ಮತ್ತೆ ಹತ್ತಿ ಬರಲಾಗುವುದಿಲ್ಲ. ಸಂಜೆಯ ಸೂರ್ಯ ನೇರ ಕಣಿವೆಯ ಬಾಯಿಗೆ ಮುಳುಗುತ್ತಿದ್ದು ಇಳಿಜಾರು ಕಡಿದಾಗಿದ್ದರೆ ಆ ಕಡೆ ಇಳಿಯಬೇಡಿ. ಪೂರ್ವದ ಬದಿಯೂ ಪೂರ್ತಿ ನಂಬುವಂಥದ್ದಲ್ಲ, ಲಕ್ಷ್ಮಣತೀರ್ಥವೇ ಇರ್ಪುವಿನಲ್ಲಿ ಧುಮುಕುತ್ತದೆ. ರಾತ್ರಿ ಹೊತ್ತಂತೂ ಯಾವ ಹೊಳೆಯ ಗೊಡವೆಯೂ ಬೇಡ. ನೀರಿಗೆ ಬರುವ ಪ್ರಾಣಿಗಳ ದಾರಿ ಅದೇ.

ಎಲ್ಲಿ ಕೂರಬೇಕು

ಬೆಟ್ಟದ ನೆತ್ತಿಯಲ್ಲಿ ಗಾಳಿ, ಕಣಿವೆಯ ತಳದಲ್ಲಿ ತಂಪು. ಗಾಳಿಯಿಲ್ಲದ ತಿಳಿ ರಾತ್ರಿಯಲ್ಲಿ ತಣ್ಣನೆಯ ಗಾಳಿ ನೀರಿನ ಹಾಗೆ ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ. ಬಯಲು ಹುಲ್ಲಿನ ಮೇಲೆ ಇಬ್ಬನಿ ಸುರಿದು ಎರಡು ಗಂಟೆಯಲ್ಲಿ ಅಂಗಿ ತೋಯುತ್ತದೆ. ಆದ್ದರಿಂದ ಇಳಿಜಾರಿನ ನಡುಮಟ್ಟದಲ್ಲಿ, ಶೋಲಾ ಅಂಚಿನಿಂದ ಹತ್ತು ಹದಿನೈದು ಹೆಜ್ಜೆ ಒಳಗೆ, ಮರದ ಮೇಲಾವರಣದಡಿ ಜಾಗ ನೋಡಿ. ಎಲೆಯ ಮಾಡು ಇಬ್ಬನಿಯನ್ನು ತಡೆಯುತ್ತದೆ, ನೆಲದ ಶಾಖ ಆಕಾಶಕ್ಕೆ ಹಾರಿಹೋಗುವುದನ್ನೂ ತಡೆಯುತ್ತದೆ. ಈ ತಿಂಗಳುಗಳಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಬಂಡೆಯನ್ನೋ ದೊಡ್ಡ ಮರದ ಹಲಗೆಬೇರನ್ನೋ ಆ ಕಡೆಗೆ ಬೆನ್ನಾಗಿಸಿಕೊಳ್ಳಿ. ಹುಡುಕುವವರಿಗೆ ಕಾಣಲಿ ಎಂದು ಹೊರಗೆ ಹುಲ್ಲಿನಂಚಿನ ಕೊಂಬೆಗೆ ಬಣ್ಣದ ಬಟ್ಟೆಯೊಂದನ್ನು ಕಟ್ಟಿಡಿ.

ಕೂರುವ ಮುನ್ನ ಮೂರು ಸಲ ನೋಡಬೇಕಾದ್ದು ಆನೆ. ಹಸಿ ಲದ್ದಿ, ಸಿಪ್ಪೆ ಸುಲಿದ ಮರ, ಮುರಿದ ಬಿದಿರು ಅಥವಾ ವಾಟೆ, ಕಾಂಡಕ್ಕೆ ಮೈ ಉಜ್ಜಿದ ಕೆಸರು ಕಂಡರೆ ಅಲ್ಲಿಂದ ಆಚೆ ಹೋಗಿ. ಎರಡು ಗುಡ್ಡ ಸೇರುವ ತಗ್ಗು ಆನೆಗಳಿಗೂ ಸುಲಭದ ದಾರಿ, ಆದ್ದರಿಂದ ನೆತ್ತಿಯ ಮೇಲಿನ ಆ ಸಮತಟ್ಟು ಎಷ್ಟೇ ಚೆನ್ನಾಗಿ ಕಂಡರೂ ಬಿಡಿ. ನೀರಿನ ಅಂಚಿನಿಂದ ಕನಿಷ್ಠ ನೂರು ಮೀಟರ್ ದೂರವಿರಿ. ಮರ ಹತ್ತಿ ಮಲಗುವ ಯೋಚನೆ ಬೇಡ. ತೂಕಡಿಸಿ ಬೀಳುವ ಭಯ ಹೆಚ್ಚು, ಅಲ್ಲದೆ ಮೇಲೆ ಗಾಳಿಯೂ ಹೆಚ್ಚು.

ಹಾಸಿಗೆ: ಮೊಣಕಾಲೆತ್ತರದ ತರಗು

ಹೊದಿಕೆ ಎಲ್ಲಿಂದ ತರಲಿ ಎಂದು ಎಲ್ಲರೂ ಚಿಂತಿಸುತ್ತಾರೆ, ಕೆಳಗೆ ಹಾಸುವುದನ್ನು ಮರೆಯುತ್ತಾರೆ. ಮೈ ತಾಗಿದ ತೇವದ ನೆಲ ರಾತ್ರಿಯಿಡೀ ಶಾಖ ಹೀರುತ್ತಲೇ ಇರುತ್ತದೆ. ಎಷ್ಟು ಶಾಲು ಹೊದ್ದರೂ ಬೆನ್ನು ಕೊರೆಯುವುದು ಇದರಿಂದಲೇ.

ಮೊದಲು ಕೋಲಿನಿಂದ ನೆಲ ಕೆದಕಿ, ಬಡಿದು, ಹಾವು ಚೇಳು ಇದ್ದರೆ ಸರಿಯಲು ಸಮಯ ಕೊಡಿ. ನಿಮ್ಮ ಉದ್ದಕ್ಕಿಂತ ಒಂದಡಿ ಹೆಚ್ಚು, ಎರಡೂವರೆ ಅಡಿ ಅಗಲ ಜಾಗದ ಸುತ್ತ ನಾಲ್ಕು ಒಣ ಕೊಂಬೆಗಳನ್ನು ಚೌಕಟ್ಟಿನ ಹಾಗೆ ಇಡಿ, ಇಲ್ಲದಿದ್ದರೆ ತರಗೆಲೆ ಮಗ್ಗುಲಾದಾಗಲೆಲ್ಲ ಚೆದುರುತ್ತದೆ. ಅಡಿಗೆ ಬೆರಳುಗಾತ್ರದ ಕಡ್ಡಿಗಳ ಒಂದು ಪದರ, ಮೇಲೆ ಒಣ ತರಗು, ಒಣಗಿದ ಜರಿಗಿಡ. ರಾಶಿ ಮೊಣಕಾಲಿನ ಎತ್ತರ ಬರಬೇಕು. ಮಲಗಿದಾಗ ಅದು ಕುಸಿದು ಒಂದು ಗೇಣು ಉಳಿಯುತ್ತದೆ, ಅಷ್ಟು ಬೇಕು. ನಾಲ್ಕು ಬೆರಳಿಗೆ ಇಳಿದರೆ ಮತ್ತೆ ತುಂಬಿ. ಶೋಲಾ ನೆಲದ ಮೇಲ್ಪದರದ ತರಗು ಮಾತ್ರ ಒಣಗಿರುತ್ತದೆ, ಕೈ ಆಳಕ್ಕೆ ಹಾಕಿದರೆ ಒದ್ದೆ ಬರುತ್ತದೆ. ಹಾಗಾಗಿ ಒಂದೇ ಕಡೆ ಬಾಚದೆ ಅಗಲವಾಗಿ ಸುತ್ತಿ ತನ್ನಿ. ಒಬ್ಬರಿಗೆ ಮುಕ್ಕಾಲು ಗಂಟೆಯ ಕೆಲಸವಿದು, ಅದಕ್ಕೇ ಐದಕ್ಕೆ ನಿಲ್ಲಿ ಎಂದದ್ದು.

ಎರಡು ಗಿಡಗಳ ಬಗ್ಗೆ ಎಚ್ಚರ. ಆನೆ ತುರಿಕೆ ಗಿಡದ ಅಗಲ ಎಲೆ ಹಾಸಲು ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ, ಮುಟ್ಟಿದರೆ ಉರಿ ದಿನಗಟ್ಟಲೆ ಬಿಡದು. ಚೇರೆ ಅಥವಾ ಹೊಲಗೇರು ಮರದ ಸೊನೆ ಗಾಳಿ ತಾಗಿ ಕಪ್ಪಾಗುತ್ತದೆ, ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕಾಂಡದ ಮೇಲೆ ಟಾರು ಇಳಿದಂಥ ಕಪ್ಪು ಗೆರೆ ಕಂಡರೆ ಅದರ ಎಲೆಯನ್ನೂ ಕಡ್ಡಿಯನ್ನೂ ಮುಟ್ಟಬೇಡಿ, ಉರಿಸಲೂ ಬೇಡಿ.

ತರಗು ಸಾಲದಿದ್ದರೆ ಮಲಗುವ ಆಸೆ ಬಿಟ್ಟು ಕೂತೇ ಕಳೆಯಿರಿ. ಬ್ಯಾಗು, ಹಗ್ಗ, ಚಪ್ಪಲಿ, ನೀರಿನ ಖಾಲಿ ಬಾಟಲಿ, ಏನು ಸಿಕ್ಕರೂ ಕೆಳಗೆ ಹಾಕಿ. ಮೊಣಕಾಲು ಎದೆಗೆ ತಂದು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ಮುದುಡಿ ಕೂತರೆ ಮೈಯ ಶಾಖ ಉಳಿಯುತ್ತದೆ.

ಬಟ್ಟೆ

ಬೆವರಿದ ಬನಿಯನ್ ಮೈಮೇಲೇ ಒಣಗಲಿ ಎಂದು ಬಿಡಬೇಡಿ. ಬ್ಯಾಗಿನಲ್ಲಿ ಒಂದು ಒಣ ಅಂಗಿ ಇದ್ದರೆ ಕೂತ ತಕ್ಷಣ, ಮೈ ಇನ್ನೂ ಬಿಸಿಯಿರುವಾಗಲೇ, ಬದಲಿಸಿ. ಬದಲಿ ಇಲ್ಲದಿದ್ದರೆ ಒದ್ದೆಯದನ್ನು ಬಲವಾಗಿ ಹಿಂಡಿ ಎಲ್ಲಕ್ಕಿಂತ ಹೊರಗಿನ ಪದರವಾಗಿ ಹಾಕಿಕೊಳ್ಳಿ. ಜೀನ್ಸ್ ಅತಿ ಕೆಟ್ಟದ್ದು, ನೆನೆದರೆ ರಾತ್ರಿಯಿಡೀ ಒಣಗುವುದಿಲ್ಲ. ಟವೆಲೋ ಪಂಚೆಯೋ ಇದ್ದರೆ ಅದನ್ನೇ ಸೊಂಟಕ್ಕೆ ಸುತ್ತಿ, ಜೀನ್ಸನ್ನು ಕಾಲ ಮೇಲೆ ಹರಡಿಕೊಳ್ಳಿ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬಿಸಿ ಹಿಡಿಯುತ್ತದೆ. ನಮ್ಮ ಕರಿಕಂಬಳಿಗೆ ಹಳಬರು ಅಷ್ಟು ಬೆಲೆ ಕೊಟ್ಟದ್ದು ಸುಮ್ಮನಲ್ಲ.

ದೊಡ್ಡ ಕಸದ ಚೀಲ, 100 ಲೀಟರಿನದು, ಇದ್ದರೆ ಅರ್ಧ ಗೆದ್ದ ಹಾಗೆ. ತಳದ ಮೂಲೆಯಲ್ಲಿ ಮುಖದಷ್ಟು ತೂತು ಮಾಡಿ ತಲೆಯಿಂದ ಕೆಳಗೆ ಎಳೆದುಕೊಳ್ಳಿ. ಮುಖವಂತೂ ಪೂರ್ತಿ ಹೊರಗಿರಬೇಕು, ಉಸಿರುಗಟ್ಟುತ್ತದೆ. ಉಸಿರು ಒಳಗೆ ಬಿಟ್ಟರೆ ಹನಿಗಟ್ಟಿ ಬಟ್ಟೆಯೂ ಒದ್ದೆ. ಎರಡನೆಯ ಚೀಲಕ್ಕೆ ಒಣ ತರಗು ತುಂಬಿ ಕಾಲು ಇಳಿಬಿಡಿ. ಚೀಲವೇ ಇಲ್ಲದವರು ಎರಡು ಅಂಗಿಗಳ ನಡುವೆ, ಪ್ಯಾಂಟಿನೊಳಗೆ ಒಣ ಎಲೆಯನ್ನು ಹಿಸುಕಿ ತುಂಬಬಹುದು. ಚುಚ್ಚುತ್ತದೆ, ಆದರೆ ಕೆಲಸ ಮಾಡುತ್ತದೆ. ಕಾಲುಚೀಲ ನೆನೆದಿದ್ದರೆ ಹಿಂಡಿ ಹೊಟ್ಟೆಯ ಮೇಲೆ, ಅಂಗಿಯೊಳಗೆ ಇಡಿ; ಬೆಳಗಿನೊಳಗೆ ಅರೆಬರೆ ಒಣಗುತ್ತದೆ. ತಲೆ, ಕಿವಿ, ಕುತ್ತಿಗೆಗೆ ಮಂಕಿ ಟೋಪಿ ಅಥವಾ ಸುತ್ತಿದ ಟವೆಲು.

ಗುಂಪಿನಲ್ಲಿದ್ದರೆ ಒತ್ತಿಕೊಂಡು ಕೂರಿ, ಮಕ್ಕಳನ್ನು ನಡುವೆ ಕೂರಿಸಿ. ಮಕ್ಕಳ ಮೈ ಬೇಗ ಆರುತ್ತದೆ, ವಯಸ್ಸಾದವರಿಗೆ ನಡುಕ ಸರಿಯಾಗಿ ಬರುವುದಿಲ್ಲ. ಇಬ್ಬರೂ 'ನಾನು ಚೆನ್ನಾಗಿದ್ದೇನೆ' ಎಂದರೂ ನಂಬಬೇಡಿ. ಅಂಚಿನಲ್ಲಿ ಕೂತವರು ಅರ್ಧ ಗಂಟೆಗೊಮ್ಮೆ ಸರದಿ ಬದಲಿಸಲಿ.

ಬೆಂಕಿ ಹಾಕಬಹುದೇ?

ಬಹುಪಾಲು ಸಂದರ್ಭದಲ್ಲಿ ಬೇಡ. ವನ್ಯಧಾಮದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಮೀಸಲು ಅರಣ್ಯದಲ್ಲಿ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಕಾನೂನು ಬದಿಗಿಟ್ಟರೂ ಜನವರಿಯ ಹೊತ್ತಿಗೆ ಗುಡ್ಡದ ಹುಲ್ಲು ಒಣಗಿ ಬತ್ತಿಯಂತಿರುತ್ತದೆ. ಹುಲ್ಲುಬೆಂಕಿ ಇಳಿಜಾರಿನಲ್ಲಿ ಮೇಲಕ್ಕೆ ಮನುಷ್ಯ ಓಡುವುದಕ್ಕಿಂತ ವೇಗವಾಗಿ ಹತ್ತಬಲ್ಲದು. ಚಳಿ ಕಾಯಿಸಲು ಹಚ್ಚಿದ ಬೆಂಕಿ ಹಚ್ಚಿದವರನ್ನೇ ಸುಡುತ್ತದೆ.

ಜೊತೆಯವರ ಜೀವಕ್ಕೇ ಬಂದಿದೆ ಎನ್ನುವಾಗ ಮಾತ್ರ, ಬೋಳು ಬಂಡೆಯ ಮೇಲೆ ಹಾಕಿ. ಸುತ್ತ ಹತ್ತಡಿ ಒಣಕಸ ತೆಗೆದು ಮಣ್ಣು ಕಾಣುವಂತೆ ಕೆರೆಯಿರಿ. ಶೋಲಾ ನೆಲದ ಮೇಲೆ ನೇರವಾಗಿ ಹಾಕಿದರೆ ಮೇಲೆ ಆರಿದಂತೆ ಕಂಡರೂ ಬೇರು, ಗೊಬ್ಬರಮಣ್ಣಿನೊಳಗೆ ಕೆಂಡ ದಿನಗಟ್ಟಲೆ ಹೊಗೆಯಾಡುತ್ತದೆ. ನೆಲಕ್ಕೆ ಬಿದ್ದ ಕಟ್ಟಿಗೆ ತೇವವಿರುತ್ತದೆ. ನಿಂತಲ್ಲೇ ಒಣಗಿದ, ಮುರಿದಾಗ ಚಟ್ಟೆನ್ನುವ ಕಡ್ಡಿ ಆರಿಸಿ. ಧೂಪದ ಮರದಿಂದ ಒಸರಿ ಗಟ್ಟಿಯಾದ ಅಂಟಿನ ಚೂರು ತೇವದಲ್ಲೂ ಹೊತ್ತಿಕೊಳ್ಳುತ್ತದೆ. ಇಬ್ಬನಿಗೆ ಬೆಂಕಿಪೊಟ್ಟಣ ಮೆತ್ತಗಾಗುವುದರಿಂದ ಲೈಟರೇ ಗತಿ. ಬೆಂಕಿ ಒಂದು ಮೊರದಷ್ಟು ಅಗಲ ಸಾಕು. ದೊಡ್ಡದಾದರೆ ದೂರ ಕೂರುತ್ತೀರಿ, ಕಟ್ಟಿಗೆಗೆ ಓಡಾಡಿ ಬೆವರುತ್ತೀರಿ. ಹೊಳೆಯ ಕಲ್ಲನ್ನು ಬೆಂಕಿಗೆ ಹಾಕಬೇಡಿ, ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ. ಹೊರಡುವಾಗ ನೀರು ಸುರಿದು, ಕಲಸಿ, ಬರಿಗೈ ಇಟ್ಟು ತಣ್ಣಗಿದೆ ಎಂದು ಖಚಿತವಾದ ಮೇಲೆಯೇ ಹೊರಡಬೇಕು.

ಪ್ಲಾಸ್ಟಿಕ್ಕಿನೊಳಗೆ ಮೇಣದಬತ್ತಿ ಹಚ್ಚಿಕೊಂಡು ಕೂರುವ ಉಪಾಯ ಕೆಲವರು ಹೇಳುತ್ತಾರೆ. ಬೇಡ.

ಹೊಟ್ಟೆ, ನಿದ್ದೆ, ನಡುಕ

ನಡುಕ ಎಂದರೆ ದೇಹ ತಾನೇ ಒಲೆ ಉರಿಸುತ್ತಿದೆ ಎಂದರ್ಥ, ಅದಕ್ಕೆ ಕಟ್ಟಿಗೆ ಬೇಕು. ಬೆಲ್ಲದ ಅಚ್ಚು, ಕಡಲೆ ಚಿಕ್ಕಿ, ಬಾಳೆಹಣ್ಣನ್ನು ಒಂದೇ ಸಲ ತಿನ್ನದೆ ಗಂಟೆಗೊಂದು ಚೂರಿನಂತೆ ಹಂಚಿ. ನೀರು ಗುಟುಕು ಗುಟುಕಾಗಿ ಕುಡಿಯುತ್ತಿರಿ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗದು, ನೀರಾರಿದ ಮೈ ಬೇಗ ತಣಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೂತಲ್ಲೇ ತೊಡೆ, ಹೊಟ್ಟೆಯ ಸ್ನಾಯು ಬಿಗಿಹಿಡಿದು ಬಿಡಿ, ಹತ್ತು ಬಸ್ಕಿ ಹೊಡೆಯಿರಿ. ಬೆವರು ಬರುವಷ್ಟು ಬೇಡ.

ಬ್ರಾಂಡಿ ಗುಟುಕರಿಸಿದರೆ ಬಿಸಿ ಎನ್ನುವ ಮಾತು ಕೊಡಗಿನಲ್ಲಿ ಹೇಳದವರಿಲ್ಲ. ಮನೆಯೊಳಗೆ ಏನಾದರೂ ಇರಲಿ, ಕಾಡಿನಲ್ಲಿ ಅದು ವಿಷ. ಚರ್ಮದ ರಕ್ತನಾಳ ಹಿಗ್ಗಿ ಮುಖ ಬಿಸಿಯಾದಂತೆ ಅನ್ನಿಸುತ್ತದೆ, ಅಷ್ಟೇ ಬೇಗ ಒಳಗಿನ ಶಾಖ ಹೊರಗೆ ಹೋಗುತ್ತದೆ. ನಡುಕವನ್ನೂ ಅದು ತಗ್ಗಿಸುತ್ತದೆ.

ನಿದ್ದೆ ಮಾಡಿದರೆ ಸಾಯುತ್ತಾರೆ ಎನ್ನುವುದು ಸುಳ್ಳು. ಒಣಗಿ, ತರಗಿನ ಮೇಲೆ ಮಲಗಿದವರನ್ನು ಚಳಿಯೇ ಎಬ್ಬಿಸುತ್ತದೆ. ಗುಂಪಿದ್ದರೆ ಆನೆಯ ಕಾರಣಕ್ಕೆ ಒಬ್ಬರು ಎಚ್ಚರವಿರಿ.

ಭಯಪಡಬೇಕಾದದ್ದು ನಡುಕ ನಿಂತಾಗ. ಮೈಯ ಒಳಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ನಡೆ ತೂರಾಡುತ್ತದೆ, ಸಿಟ್ಟು ಅಥವಾ ಮಂಕು ಬರುತ್ತದೆ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಹೇಳಿ, ಹತ್ತು ಹೆಜ್ಜೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ನಡೆಯಲು ಹೇಳಿ. ಆಗದಿದ್ದರೆ ಅವರನ್ನು ಇನ್ನು ನಡೆಸಬೇಡಿ. ಚಳಿ ಆಗುತ್ತಲೇ ಇದ್ದು ನಡುಕ ಮಾತ್ರ ನಿಂತರೆ, ಸೆಕೆ ಎಂದು ಬಟ್ಟೆ ಬಿಚ್ಚತೊಡಗಿದರೆ, ಸ್ಥಿತಿ ಕೈಮೀರುತ್ತಿದೆ. ಒದ್ದೆ ಬಟ್ಟೆ ತೆಗೆದು, ಇದ್ದ ಒಣದೆಲ್ಲ ಸುತ್ತಿ, ಮಲಗಿಸಿ, ಇಬ್ಬರು ಎರಡು ಬದಿಯಲ್ಲಿ ಮೈಗೆ ಮೈ ತಾಗಿಸಿ ಮಲಗಿ. ಕೈಕಾಲು ತಿಕ್ಕಬೇಡಿ, ಅಲುಗಾಡಿಸಬೇಡಿ. ಪೂರ್ತಿ ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ ಸಿಹಿ ನೀರು.

ಆನೆ ಬಂದರೆ

ಕೊಂಬೆ ಮುರಿಯುವ ಸದ್ದು, ಹೊಟ್ಟೆಯ ಗುಡುಗು, ಒಂದು ಬಗೆಯ ಕೊಟ್ಟಿಗೆ ವಾಸನೆ ಮುನ್ಸೂಚನೆ. ಟಾರ್ಚ್ ಮುಖಕ್ಕೆ ಬಿಡಬೇಡಿ, ಕಿರುಚಬೇಡಿ, ಕಲ್ಲೆಸೆಯಬೇಡಿ. ನಿಮ್ಮ ವಾಸನೆ ಅದಕ್ಕೆ ಬಡಿಯದ ಕಡೆಗೆ, ದೊಡ್ಡ ಮರ ಅಥವಾ ಬಂಡೆಯ ಮರೆಗೆ ಮೆಲ್ಲನೆ ಸರಿಯಿರಿ. ಬ್ಯಾಗು ಅಲ್ಲೇ ಬಿದ್ದಿರಲಿ. ಕಾಟಿ, ಕರಡಿಗೆ ಇದರ ಉಲ್ಟಾ: ಹತ್ತಿರ ಬಂದು ಬೆಚ್ಚಿಬೀಳದಂತೆ ಆಗಾಗ ತಗ್ಗುದನಿಯಲ್ಲಿ ಮಾತಾಡುತ್ತಿದ್ದರೆ ಅವೇ ದೂರ ಹೋಗುತ್ತವೆ.

ಕರೆ ಮತ್ತು ಬೆಳಗು

ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಳಜೇಬಿನಲ್ಲಿಡಿ, ತಣ್ಣಗಾದರೆ ಬ್ಯಾಟರಿ ಬೇಗ ಇಳಿಯುತ್ತದೆ. ಬೆಳಕಿರುವಾಗಲೇ ಎತ್ತರದ ಜಾಗದಲ್ಲಿ 112ಕ್ಕೆ ಯತ್ನಿಸಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರಿನಿಂದ ಹೋಗಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಮಾತು ಕಡಿಯುವ ಕಡೆಯೂ ಎಸ್ಸೆಮ್ಮೆಸ್ ದಾಟಬಹುದು. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುವುದರಿಂದ ಮ್ಯಾಪಿನಲ್ಲಿ ಬೆರಳೊತ್ತಿ ಹಿಡಿದು ಬರುವ ಅಕ್ಷಾಂಶ, ರೇಖಾಂಶವನ್ನು ಸಂದೇಶದಲ್ಲಿ ಬರೆಯಿರಿ. ಎಷ್ಟು ಜನ, ಯಾರಿಗೆ ಪೆಟ್ಟಾಗಿದೆ, 'ಇಲ್ಲಿಂದ ಕದಲುವುದಿಲ್ಲ' ಎಂದೂ ಸೇರಿಸಿ. ಕೂಗಿ ಗಂಟಲು ಹರಿದುಕೊಳ್ಳುವುದಕ್ಕಿಂತ ಸೀಟಿ ಮೇಲು: ಮೂರು ಸಲ ಊದಿ, ಒಂದು ನಿಮಿಷ ಕಿವಿಗೊಡಿ. ರಾತ್ರಿ ಟಾರ್ಚಿನಲ್ಲೂ ಮೂರು ಮಿಣುಕು.

ಅತಿ ಹೆಚ್ಚು ಚಳಿ ಸೂರ್ಯ ಹುಟ್ಟುವ ಮುಂಚಿನ ಒಂದು ಗಂಟೆ. ಆಗ ತಾಳ್ಮೆ ತಪ್ಪಿ ಎದ್ದು ಹೊರಡುವುದು ಎರಡನೆಯ ದೊಡ್ಡ ತಪ್ಪು. ಮಂಜು ಒಂಬತ್ತು ಹತ್ತರವರೆಗೂ ಮುಸುಕಿರಬಹುದು, ಆನೆಗಳೂ ಆಗಿನ್ನೂ ಓಡಾಟದಲ್ಲಿರುತ್ತವೆ. ಮಂಜು ಕರಗುವವರೆಗೆ ಕಿವಿಯನ್ನು ಕೆಲಸಕ್ಕೆ ಹಚ್ಚಿ. ಕಾಫಿ ಕೊಯ್ಲಿನ ಕಾಲವಾದ್ದರಿಂದ ತೋಟದ ಆಳುಗಳ ಲೈನ್ ಮನೆಯ ಕೋಳಿ, ನಾಯಿ, ಆಳುಗಳನ್ನು ತರುವ ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಸದ್ದು ಕೇಳಬಹುದು. ಕಣಿವೆಯಲ್ಲಿ ಸದ್ದು ದಿಕ್ಕು ತಪ್ಪಿಸುತ್ತದೆ, ಎರಡು ಬೇರೆ ಜಾಗದಿಂದ ಕೇಳಿ ಒಂದೇ ಕಡೆ ಎನ್ನಿಸಿದ ಮೇಲೆ ನಂಬಿ. ಸಂದೇಶ ಹೋಗಿದೆ ಎಂದು ಖಚಿತವಿದ್ದರೆ ಕೂತಲ್ಲೇ ಇರಿ.

ಮನೆಯಿಂದ ಹೊರಡುವಾಗ

ಮೇಲಿನದೆಲ್ಲಕ್ಕೂ ಬೇಕಾದ ಸಾಮಾನು ಒಂದೂವರೆ ಕಿಲೋ ಮೀರದು: ಟಾರ್ಚು ಮತ್ತು ಹೆಚ್ಚುವರಿ ಸೆಲ್, ಸೀಟಿ, ಲೈಟರು, ಎರಡು ದೊಡ್ಡ ಕಸದ ಚೀಲ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಒಂದು ಒಣ ಅಂಗಿ ಮತ್ತು ಕಾಲುಚೀಲ, ಮಂಕಿ ಟೋಪಿ, 200 ಗ್ರಾಂ ಬೆಲ್ಲ ಅಥವಾ ಚಿಕ್ಕಿ, ಪವರ್ ಬ್ಯಾಂಕು. ನೀರು ಇದರ ಮೇಲೆ. ಇಲಾಖೆಯ ಅನುಮತಿ ಪಡೆದೇ ಹತ್ತಿ, ಆಗ ನೀವು ಮೇಲಿದ್ದೀರಿ ಎಂಬ ದಾಖಲೆಯಾದರೂ ಇರುತ್ತದೆ. ಹೋಮ್‌ಸ್ಟೇಯವರಿಗೋ ಮನೆಯವರಿಗೋ ಯಾವ ದಾರಿ, ಎಷ್ಟು ಜನ ಎಂದು ಬರೆದುಕೊಟ್ಟು, 'ಏಳು ಗಂಟೆಗೆ ಫೋನ್ ಬಾರದಿದ್ದರೆ 112ಕ್ಕೆ ತಿಳಿಸಿ' ಎಂದು ಹೇಳಿ ಹೋಗಿ.

ಹೊರಬಂದ ಮೇಲೆ ಬಿಸಿನೀರಿನ ಸ್ನಾನಕ್ಕೆ ಓಡಬೇಡಿ. ಒಣಬಟ್ಟೆ, ಕಂಬಳಿ, ಒಂದು ಲೋಟ ಬೆಲ್ಲದ ಕಾಫಿ ಮೊದಲು. ತೊದಲುತ್ತಿದ್ದವರನ್ನು 108 ಕರೆಸಿ ಆಸ್ಪತ್ರೆಗೆ ಸೇರಿಸಿ. ಮೈ ಪೂರ್ತಿ ಹುಡುಕಿ ಉಣುಗು ಕಚ್ಚಿದ್ದರೆ ಚಿಮಟಿಯಿಂದ ಬುಡ ಹಿಡಿದು ನೇರ ಎಳೆದು ತೆಗೆಯಿರಿ, ಎರಡು ವಾರದೊಳಗೆ ಜ್ವರ ಬಂದರೆ ಕಾಡಿನಲ್ಲಿ ಮಲಗಿದ್ದನ್ನು ವೈದ್ಯರಿಗೆ ಹೇಳಿ. ಅದಕ್ಕೂ ಮುಂಚೆ, ಸಿಗ್ನಲ್ ಸಿಕ್ಕ ಮೊದಲ ಜಾಗದಲ್ಲೇ 112ಕ್ಕೂ ಮನೆಯವರಿಗೂ 'ಸಿಕ್ಕಿದ್ದೇವೆ' ಎಂದು ತಿಳಿಸಬೇಕು. ಹುಡುಕಲು ಹೊರಟವರು ಆ ಹೊತ್ತಿಗೆ ಅದೇ ಆನೆದಾರಿಯಲ್ಲಿ ನಡೆಯುತ್ತಿರುತ್ತಾರೆ.